ಹೊಳೆ ನೋಡದ ಮಂಗಟ್ಟೆ

ಹೊಳೆಯೊಂದು ಕುಡುಗೋಲಿನ ಹಾಗೆ ಬಾಗಿ ಹರಿಯುವ ಕಾಡೊಂದಿತ್ತು, ಮಕ್ಕಳೇ. ಆ ಬಾಗಿನಲ್ಲಿ, ದಡದ ತೀರ ಅಂಚಿಗೆ, ಎತ್ತರದ ಒಂದು ತಾರೆ ಮರ. ಮರದ ನಡುಮಧ್ಯದಲ್ಲಿ ಒಂದು ಪೊಟರೆ. ಆ ಪೊಟರೆಯೊಳಗೆ ಸಿಂಗಾರಿ ಎಂಬ ಮಂಗಟ್ಟೆ ಹಕ್ಕಿ ಮೊಟ್ಟೆಗೆ ಕಾವು ಕೂತಿದ್ದಳು.

ಮಂಗಟ್ಟೆಯನ್ನು ನೀವು ನೋಡಿದ್ದೀರೋ ಇಲ್ಲವೋ. ಕೊಕ್ಕು ನಿಮ್ಮ ಅಂಗೈಗಿಂತ ಉದ್ದ. ಹಾರಿದರೆ ಕಮ್ಮಾರ ತಿದಿ ಒತ್ತಿದ ಹಾಗೆ ರೆಕ್ಕೆ ಬುಸ್ ಬುಸ್ ಎನ್ನುತ್ತದೆ. ಅವುಗಳಲ್ಲಿ ಒಂದು ಪದ್ಧತಿಯಿದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಸೇರಿಕೊಂಡು, ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತಲ್ಲೇ ಅದರ ರೆಕ್ಕೆಯ ಗರಿಗಳೆಲ್ಲ ಉದುರುತ್ತವೆ. ಹೊಸ ಗರಿ ಬಂದು, ಮರಿ ಬಲಿಯುವವರೆಗೆ ಗಂಡು ಹಕ್ಕಿಯೇ ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು.

ಸಿಂಗಾರಿಯ ಗಂಡ ಚೆನ್ನಿಗರಾಯ. ಹಕ್ಕಿ ಒಳ್ಳೆಯದೇ. ಹೆಂಡತಿಯೆಂದರೆ ಜೀವ. ಆದರೆ ಒಂದು ದೋಷ. ಪ್ರಪಂಚದಲ್ಲಿ ಯಾವ ಮಾತು ಎದ್ದರೂ ಅದರ ಬಗ್ಗೆ ಅವನದೊಂದು ಅಭಿಪ್ರಾಯ ಇರಲೇಬೇಕು. ಅದನ್ನು ಅವನು ಕಂಡಿರಬೇಕೆಂದಿಲ್ಲ, ಕೇಳಿರಬೇಕೆಂದೂ ಇಲ್ಲ.

ಹಣ್ಣಿಗೆಂದು ಅವನು ಹೋಗುತ್ತಿದ್ದದ್ದು ಕಾಡಿನ ನಡುವಿನ ಬಸರಿ ಮರಕ್ಕೆ. ಅಲ್ಲಿ ಬೆಳಗಾದರೆ ಸಾಕು, ಜಾತ್ರೆಯಷ್ಟು ಪ್ರಾಣಿಗಳು. ಲಾಗಪ್ಪನೆಂಬ ಮುಸುವ, ಕರಿಮುಖದ ಕೋತಿ, ಕೊಂಬೆಯಿಂದ ಕೊಂಬೆಗೆ ನೆಗೆಯುತ್ತ ಸುದ್ದಿ ಎಸೆಯುತ್ತಿದ್ದ. ಚೆನ್ನಿಗರಾಯ ಗಾಳಿಯಲ್ಲೇ ಹಿಡಿಯುತ್ತಿದ್ದ.

“ಚೆನ್ನಿಗಣ್ಣ! ಕಾಡುಹಂದಿಗಳು ಹೊಸ ಯಜಮಾನನನ್ನು ಆರಿಸಿಕೊಂಡಿವೆಯಂತೆ. ಹೇಗೆ ಅವನು?”

“ನಾಲಾಯಕ್ಕು! ಹಳೆಯವನೇ ವಾಸಿ!”

“ಹೊಸಬನನ್ನು ನೀವು ನೋಡಿದ್ದೀರಾ?” ಎಂದು ಕೆಳಗಿನಿಂದ ಮೊಲವೊಂದು ಕೇಳಿತು.

“ನೋಡುವುದೇನು ಬಂತು? ಹೆಸರು ಕೇಳಿದರೆ ಗೊತ್ತಾಗುವುದಿಲ್ಲವೇ!”

ಎಲ್ಲರೂ ಹೋ ಎಂದು ನಕ್ಕರು. ಮೊಲ ಕಿವಿ ಮಡಚಿಕೊಂಡು ಪೊದೆಗೆ ಸರಿಯಿತು.

“ಮಡಿವಾಳ ಹಕ್ಕಿ ಹೊಸ ರಾಗ ಕಟ್ಟಿದೆಯಂತಲ್ಲ?”

“ಅದೂ ಒಂದು ರಾಗವೇ! ಹಾಡು ಅಂದರೆ ನಮ್ಮ ಕಾಲದ್ದು!”

“ಮಿಂಚುಹುಳಗಳು ಮರಕ್ಕೆ ಮರವೇ ದೀಪ ಹಚ್ಚುವ ಉಪಾಯ ಕಂಡುಹಿಡಿದಿವೆ.”

“ಕಣ್ಣು ಹಾಳು! ಇಂದೇ ನಿಲ್ಲಿಸಬೇಕು!”

“ಅಳಿಲುಗಳು ಹುತ್ತದ ಪಕ್ಕ ಉಗ್ರಾಣ ತೆರೆದಿವೆ. ನಮ್ಮ ಕಾಳುಕಡ್ಡಿ ಅಲ್ಲಿಟ್ಟರೆ ಬೆಳೆಯುತ್ತದಂತೆ. ಇಡೋಣವೇ?”

“ಕಣ್ಣು ಮುಚ್ಚಿಕೊಂಡು ಇಡಿ! ದುಪ್ಪಟ್ಟಾಗದಿದ್ದರೆ ನನ್ನನ್ನು ಕೇಳಿ!”

ಇಟ್ಟವರ ಕಾಳನ್ನೆಲ್ಲ ಗೆದ್ದಲು ತಿಂದಿತು. ಆದರೆ ಅವನನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಇನ್ನೊಂದು ವಿಷಯ ಬಂದಿತ್ತು, ಅದರ ಮೇಲೆ ಇನ್ನೊಂದು ಅಭಿಪ್ರಾಯವೂ ಬಂದಿತ್ತು. ಕಾಡಿಗೆ ಕಾಡೇ ಎರಡು ಪಂಗಡವಾಗಿ, ಚೆನ್ನಿಗರಾಯ ಹೇಳಿದ್ದು ಸರಿ ಎನ್ನುವವರು ಒಂದು ಕಡೆ, ಅಲ್ಲ ಎನ್ನುವವರು ಒಂದು ಕಡೆ ಕೂತು ಕೂಗಾಡುತ್ತಿದ್ದರು. ಯಾರು ಹೊಗಳಿದರೂ ಬೈದರೂ ಅವನ ಎದೆ ಉಬ್ಬುತ್ತಿತ್ತು. ಆ ಸಂಭ್ರಮದಲ್ಲಿ ಸಿಂಗಾರಿಗೆ ಹಣ್ಣು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರುತ್ತಿತ್ತು.

“ಎಲ್ಲಿ ಹೋಗಿದ್ದಿರಿ?” ಎಂದು ಅವಳು ಸೀಳಿನಿಂದ ಕೇಳುವಳು.

“ನಾನಿಲ್ಲದಿದ್ದರೆ ಅಲ್ಲಿ ನಡೆಯುವುದಿಲ್ಲ ಕಣೇ!” ಎನ್ನುವನು.

ಆ ವರ್ಷ ಬೇಸಿಗೆ ಜೋರಾಗಿತ್ತು. ಹೊಳೆ ಬತ್ತೀತೆಂದು ತುಂಗವ್ವ ಎಂಬ ನೀರುನಾಯಿ ತನ್ನ ಬಳಗದೊಂದಿಗೆ ಹೊಳೆಗೆ ಅಡ್ಡಲಾಗಿ ಮರದ ದಿಮ್ಮಿ, ಕಲ್ಲು, ಕೆಸರು ಪೇರಿಸಿ ಒಂದು ಕಟ್ಟ ಹಾಕಿದಳು. ಅಂಥದ್ದೊಂದು ಆ ಕಾಡಿನಲ್ಲಿ ಅದೇ ಮೊದಲು. ನೀರು ನಿಂತಿತು! ಮೀನು ಕುಣಿದವು, ಜಿಂಕೆಗಳು ಮೊಣಕಾಲೂರಿ ಕುಡಿದವು. ಎಲ್ಲರಿಗೂ ಹಿಗ್ಗು.

ಕೆಲವು ದಿನಗಳಾದ ಮೇಲೆ ತುಂಗವ್ವ ಒದ್ದೆ ಮೈಯಲ್ಲೇ ಬಸರಿ ಮರದ ಬುಡಕ್ಕೆ ಓಡಿ ಬಂದಳು.

“ಚೆನ್ನಿಗಪ್ಪ, ನನಗೊಂದು ದಿಗಿಲು. ನಿಂತ ನೀರು ನಿಮ್ಮ ತಾರೆ ಮರದ ಕಡೆಯ ದಡವನ್ನು ಕೊರೆಯುತ್ತಿದೆಯೋ ಏನೋ. ನೀರಿನೊಳಗಿನಿಂದ ನನಗೆ ಪೂರ್ತಿ ಕಾಣುವುದಿಲ್ಲ. ಮೋಡ ಬೇರೆ ಕಟ್ಟುತ್ತಿದೆ. ನೀನು ಒಮ್ಮೆ ಮೇಲೆ ಹಾರಿ ನೋಡಿ ಹೇಳು. ಕಟ್ಟ ಬಿಚ್ಚಲೋ, ಹಾಗೇ ಇಡಲೋ?”

ಒಂದು ಸುತ್ತು ಹಾರಿದ್ದರೆ ಸಾಕಿತ್ತು, ಮಕ್ಕಳೇ. ಆದರೆ ಎಲ್ಲರ ಕಣ್ಣೂ ಅವನ ಮೇಲೆ. ‘ನೋಡಿ ಬರುತ್ತೇನೆ’ ಎಂದರೆ ‘ಗೊತ್ತಿಲ್ಲ’ ಎಂದ ಹಾಗಲ್ಲವೇ?

“ಬಿಚ್ಚುವುದೇ? ಹೇಡಿಗಳ ಮಾತು! ಕಟ್ಟ ಬಂಡೆಯ ಹಾಗಿದೆ. ಇನ್ನೂ ಎತ್ತರ ಮಾಡಿ!” ಎಂದ ಚೆನ್ನಿಗರಾಯ.

“ಎತ್ತರ ಮಾಡಿ! ಎತ್ತರ ಮಾಡಿ!” ಎಂದು ಲಾಗಪ್ಪ ಕೊಂಬೆ ಕುಲುಕಿದ. ಮರದ ಬುಡದಲ್ಲಿ ಸೇರಿದವರೆಲ್ಲ ಅದನ್ನೇ ಕೂಗಿದರು. ಹಂದಿಗಳು ದಿಮ್ಮಿ ಉರುಳಿಸಿದವು, ಮುಸುವಗಳು ಬಳ್ಳಿ ಬಿಗಿದವು. ಸಂಜೆಯೊಳಗೆ ಕಟ್ಟ ಮತ್ತಷ್ಟು ಮೇಲೇರಿತು. ತುಂಗವ್ವನಿಗೂ ಅನಿಸಿತು, ಇಷ್ಟು ಜನ ಹೇಳುವಾಗ ಸರಿಯೇ ಇರಬೇಕು ಎಂದು.

ಮರುದಿನ ಬೆಳಿಗ್ಗೆ ಹಣ್ಣು ತಿನ್ನುತ್ತ ಸಿಂಗಾರಿ ಹೇಳಿದಳು: “ಏನೂಂದ್ರೆ, ಮರದೊಳಗೆ ಏನೋ ಗುಂಯ್ ಎನ್ನುತ್ತಿದೆ. ಬೇರಿನ ಕಡೆಯಿಂದ ಬರುತ್ತದೆ. ಸ್ವಲ್ಪ ಕೆಳಗೆ ನೋಡುತ್ತೀರಾ?”

“ನೀನು ಒಳಗೆ ಕೂತವಳು, ನಿನಗೇನು ಗೊತ್ತು? ಅದು ಗಾಳಿ,” ಎಂದು ಅವನು ಬುಸ್ ಬುಸ್ ಎಂದು ಬಸರಿ ಮರಕ್ಕೆ ಹಾರಿದ. ಅಂದು ಯಾವ ಯಾವ ವಿಷಯ ಕಾದಿದೆಯೋ!

ಮಧ್ಯಾಹ್ನಕ್ಕೆ ಮಳೆ ಬಿತ್ತು. ಎಂಥ ಮಳೆ ಅಂತೀರಿ! ಗುಡುಗಿಗೆ ಬೆಟ್ಟ ನಡುಗಿತು. ಮೇಲಿನ ಕಣಿವೆಗಳ ನೀರೆಲ್ಲ ಕೆಂಪಾಗಿ, ನೊರೆ ಕಾರುತ್ತ ಹೊಳೆಗೆ ನುಗ್ಗಿತು. ಕಟ್ಟ ಅಲ್ಲಾಡಲಿಲ್ಲ. ಅದೇ ಆಪತ್ತಾಯಿತು. ಮುಂದೆ ಹೋಗಲು ದಾರಿಯಿಲ್ಲದ ನೀರು ಪಕ್ಕಕ್ಕೆ ತಿರುಗಿ ದಡವನ್ನೇ ತಿನ್ನತೊಡಗಿತು.

“ಚೆನ್ನಿಗಪ್ಪಾ! ತಾರೆ ಮರ ವಾಲುತ್ತಿದೆ!” ತುಂಗವ್ವನ ಕೂಗು ಮಳೆಯನ್ನು ಸೀಳಿಕೊಂಡು ಬಂತು.

ಚೆನ್ನಿಗರಾಯ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟ. ಹಾರಿದ. ಬಂದು ನೋಡಿದರೆ ಮರದ ಅರ್ಧ ಬೇರು ಗಾಳಿಯಲ್ಲಿ ತೂಗುತ್ತಿದೆ, ಕೆಳಗೆ ಸುಳಿ ಸುತ್ತುತ್ತಿದೆ. ಅವನು ಪೊಟರೆಗೆ ಆತು ಹುಚ್ಚನಂತೆ ಬಾಗಿಲಿನ ಮಣ್ಣು ಕುಕ್ಕತೊಡಗಿದ.

“ಹೊರಗೆ ಬಾ, ಸಿಂಗಾರಿ! ಬೇಗ!”

“ಬಂದು ಏನು ಮಾಡಲಿ? ರೆಕ್ಕೆ ಎಲ್ಲಿದೆ ನನಗೆ?” ಒಳಗಿನಿಂದ ಅವಳ ದನಿ ನಡುಗುತ್ತಿತ್ತು. “ನಿನ್ನೆ ರಾತ್ರಿ ಮೊಟ್ಟೆ ಒಡೆದು ಮರಿ ಬಂದಿದೆ. ಇನ್ನೂ ಕಣ್ಣು ಬಿಟ್ಟಿಲ್ಲ. ಬಾಗಿಲು ಬಿಡಿ. ಮೇಲೆ ಹೋಗಿ ನೀರು ನೋಡಿ. ನಿಮಗಾದರೂ ರೆಕ್ಕೆ ಇದೆಯಲ್ಲ!”

ಮರಿ! ಬೆಳಿಗ್ಗೆ ಅದನ್ನು ಹೇಳಲೂ ಅವನು ಅವಳಿಗೆ ಹೊತ್ತು ಕೊಟ್ಟಿರಲಿಲ್ಲ.

ಅವನು ನೇರ ಮೇಲಕ್ಕೆ ಚಿಮ್ಮಿದ. ಮಳೆ ಕಣ್ಣಿಗೆ ರಾಚಿತು. ಆದರೂ ಆ ಹೊಳೆಯನ್ನು, ಆ ಕಟ್ಟವನ್ನು ಮೊದಲ ಸಲ ಕಣ್ಣಿಟ್ಟು ನೋಡಿದ. ಆಚೆ ದಡದ ಪಕ್ಕದಲ್ಲಿ ಹೊಳೆಯ ಹಳೆಯ ಮರಳು ಹಾದಿ ಬರಿದಾಗಿ ಬಿದ್ದಿತ್ತು. ಅದರ ಬಾಯಿಗೆ ಅಡ್ಡಲಾಗಿ ಒಂದೇ ಒಂದು ದೊಡ್ಡ ದಿಮ್ಮಿ. ಅದೊಂದು ಸರಿದರೆ ನೀರೆಲ್ಲ ಆ ಕಡೆಗೆ ಹರಿದೀತು! ನಿನ್ನೆಯೂ ಅದು ಅಲ್ಲೇ ಇತ್ತು. ಒಂದು ಸುತ್ತು ಹಾರಿದ್ದರೆ ಕಾಣುತ್ತಿತ್ತು.

ಬಾಣದಂತೆ ಬಸರಿ ಮರಕ್ಕೆ ಬಂದ. ಅಲ್ಲಿ ಮಳೆಯಲ್ಲೇ ಗದ್ದಲ ನಡೆದಿತ್ತು. ಕಟ್ಟ ತಪ್ಪೋ ಒಪ್ಪೋ, ತಪ್ಪಾದರೆ ಯಾರದು ಎಂದು ಎರಡು ಪಂಗಡಗಳೂ ಗಂಟಲು ಹರಿದುಕೊಳ್ಳುತ್ತಿದ್ದವು.

“ಬಂದರು ಚೆನ್ನಿಗರಾಯರು! ಹೇಳಿ, ನಿಮ್ಮ ಅಭಿಪ್ರಾಯ ಏನು?” ಎಂದ ಲಾಗಪ್ಪ.

“ಅಭಿಪ್ರಾಯ ಸುಡಲಿ! ನಾನು ನೋಡದೆ ಹೇಳಿದ್ದೆ. ಅಪ್ಪಟ ತಪ್ಪು ಹೇಳಿದ್ದೆ. ಆಚೆ ದಡದ ದಿಮ್ಮಿ ಎಳೆಯಬೇಕು. ಸಿಂಗಾರಿ, ಮರಿ, ಎಲ್ಲ ಮುಳುಗುತ್ತಾರೆ. ಬನ್ನಿ!”

“ಅದು ಹೇಗೆ? ನಿನ್ನೆ ಎತ್ತರ ಮಾಡಿ ಎಂದವರು ಇವತ್ತು ಎಳೆಯಿರಿ ಅಂದರೆ?” ಎಂದಿತು ಒಂದು ಗುಂಪು.

“ತಪ್ಪೊಪ್ಪಿಕೊಂಡದ್ದು ದೊಡ್ಡ ಗುಣ!” ಎಂದಿತು ಇನ್ನೊಂದು.

“ದೊಡ್ಡ ಗುಣ ಅಲ್ಲ, ನಾಟಕ!”

ನೋಡಿದಿರಾ? ಅವನ ತಪ್ಪೊಪ್ಪಿಗೆಯೇ ಅವರಿಗೆ ಹೊಸ ವಿಷಯವಾಯಿತು. ಇವರಿಗೆ ಈ ಚಟ ಹಿಡಿಸಿದವನು ತಾನೇ ಎಂದು ಚೆನ್ನಿಗರಾಯನಿಗೆ ಆಗ ಹೊಳೆಯಿತು.

ಹಿಂದೆ ನಿಂತಿದ್ದ ಭರಮಣ್ಣನೆಂಬ ಕಾಟಿ, ಗುಡ್ಡದಂಥ ಕಾಡುಕೋಣ, ತಲೆ ಕೊಡವಿದ. “ಅವನು ಹೆಂಡತಿ ಮುಳುಗುತ್ತಾಳೆ ಅಂತಿದ್ದಾನೆ. ನೀವು ಏನಪ್ಪಾ ಮಾತಾಡುತ್ತಿದ್ದೀರಿ? ನಡಿ ಚೆನ್ನಿಗ, ದಿಮ್ಮಿ ಎಲ್ಲಿದೆ ತೋರಿಸು!”

ಭರಮಣ್ಣ ಹೊಳೆಗೆ ಧುಮುಕಿದ. ನೀರು ಅವನ ಕುತ್ತಿಗೆಗೆ ಬಂತು. ಮೇಲಿನಿಂದ ಚೆನ್ನಿಗರಾಯ, “ಬಲಕ್ಕೆ! ಇನ್ನೂ ಬಲಕ್ಕೆ! ಅದೇ, ಅದೇ!” ಎಂದು ಕೂಗಿದ. ತುಂಗವ್ವ ಮುಳುಗಿ ದಿಮ್ಮಿಯ ಕೆಳಗಿನ ಕಲ್ಲು ಕಿತ್ತಳು. ಭರಮಣ್ಣ ಕೊಂಬು ಕೊಟ್ಟು ನೂಕಿದ. ದಿಮ್ಮಿ ಕಿರ್ರೆಂದಿತು, ಸರಿಯಲಿಲ್ಲ. ಈಚೆ ದಡದಲ್ಲಿ ತಾರೆ ಮರ ಮತ್ತೊಂದು ಮೊಳ ವಾಲಿತು.

“ಒಬ್ಬನ ಕೈಲಾಗದು!” ಎಂದು ಭರಮಣ್ಣ ಹೂಂಕರಿಸಿದ.

ಆ ಹೂಂಕಾರ ಬಸರಿ ಮರಕ್ಕೂ ಕೇಳಿಸಿತು. ಗದ್ದಲದ ನಡುವೆ ಲಾಗಪ್ಪ ಎದ್ದು ನಿಂತ. “ಏಯ್, ಸಾಕು ಮಾಡಿ! ಬನ್ನಿರೋ!” ಎಂದವನೇ ನೆಗೆದ. ಅವನ ಹಿಂದೆ ಮುಸುವಗಳ ದಂಡು, ಅವುಗಳ ಹಿಂದೆ ಹಂದಿಗಳು. ಎಲ್ಲಕ್ಕಿಂತ ಮುಂದೆ ಹಂದಿಗಳ ಹೊಸ ಯಜಮಾನ! ಕಟ್ಟದ ಮೇಲೆ ಓಡಿ ಆಚೆ ದಡ ಸೇರಿ, ಮುಸುವಗಳು ದಿಮ್ಮಿಗೆ ಬಳ್ಳಿ ಸುತ್ತಿದವು, ಹಂದಿಗಳು ಆ ಬಳ್ಳಿಯನ್ನು ಹಲ್ಲಲ್ಲಿ ಕಚ್ಚಿ ಎಳೆದವು.

“ಐಸಾ!” ಎಂದ ಲಾಗಪ್ಪ.

“ಐಸಾ!” ಎಂದಿತು ಕಾಡು.

ಭಡಾರ್! ದಿಮ್ಮಿ ಕಿತ್ತು ಹಾರಿತು. ನೀರು ಭೋರೆಂದು ಹಳೆಯ ಹಾದಿಗೆ ನುಗ್ಗಿತು. ಅದರ ಸೆಳೆತಕ್ಕೆ ಲಾಗಪ್ಪ ಬಳ್ಳಿಯ ಸಮೇತ ಉರುಳಿ ಹೋಗಿ, ಭರಮಣ್ಣನ ಬಾಲ ಹಿಡಿದು ಬದುಕಿಕೊಂಡ. ಈಚೆ ಕಡೆಯ ಸುಳಿ ಸಣ್ಣದಾಯಿತು, ನಿಂತಿತು. ತಾರೆ ಮರ ಒಮ್ಮೆ ನರಳಿ, ವಾಲಿದಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತು.

ಚೆನ್ನಿಗರಾಯ ಸೀಳಿಗೆ ಮುಖವಿಟ್ಟ. “ಸಿಂಗಾರಿ?”

ಒಳಗಿನಿಂದ ಮೊದಲು ಕೇಳಿಸಿದ್ದು ತೆಳ್ಳನೆಯ ಚೀಂಯ್. ಆಮೇಲೆ ಸಿಂಗಾರಿ ಹೇಳಿದಳು: “ಮರಿಗೆ ಹಸಿವಾಗಿದೆ.”

ಅವನು ಅಳುತ್ತ ನಗುತ್ತ ಹಣ್ಣಿಗೆ ಹಾರಿದ. ಅಂದಿನಿಂದ ಒಂದು ಹೊತ್ತೂ ತಡ ಮಾಡಲಿಲ್ಲ.

ಮಳೆಗಾಲ ಹಿಡಿಯಿತು, ತುಂಗವ್ವ ಹಳೆಯ ಕಟ್ಟವನ್ನು ಬಿಚ್ಚಿಹಾಕಿದಳು. ಮರಿ ಬಲಿಯಿತು. ಒಂದು ಬೆಳಿಗ್ಗೆ ಸಿಂಗಾರಿ ಬಾಗಿಲಿನ ಮಣ್ಣು ಒಡೆದು, ಹೊಸ ಗರಿ ಬಿಚ್ಚಿ ಹೊರಗೆ ಬಂದಳು. ಕಾಡೆಲ್ಲ ಕೇಕೆ ಹಾಕಿತು. ಬಸರಿ ಮರದಲ್ಲಿ ಅವಳಿಗೆ ಮೇಲಿನ ಕೊಂಬೆಯನ್ನೇ ಬಿಟ್ಟುಕೊಟ್ಟರು.

“ಸಿಂಗಾರಕ್ಕ, ಬರುವ ಬೇಸಿಗೆಗೆ ಮತ್ತೆ ಕಟ್ಟ ಹಾಕೋಣ ಅನ್ನುತ್ತಾಳೆ ತುಂಗವ್ವ. ಬೇಡ ಅನ್ನುವವರೂ ಇದ್ದಾರೆ. ನಿಮ್ಮಷ್ಟು ಕಷ್ಟಪಟ್ಟವರು ಯಾರೂ ಇಲ್ಲ. ನೀವೇ ಹೇಳಿಬಿಡಿ!” ಎಂದ ಲಾಗಪ್ಪ.

ಎಲ್ಲರೂ ಕಿವಿ ನಿಮಿರಿಸಿದರು. ಚೆನ್ನಿಗರಾಯ ಅಭ್ಯಾಸ ಬಲದಿಂದ ಕೊಕ್ಕು ತೆರೆದ, ಮತ್ತೆ ಮುಚ್ಚಿಕೊಂಡ.

ಸಿಂಗಾರಿ ಹೇಳಿದಳು: “ನಾನು ಈಗ ತಾನೇ ಹೊರಗೆ ಬಂದಿದ್ದೇನೆ ಲಾಗಪ್ಪ, ನನಗೇನು ಗೊತ್ತು? ತುಂಗವ್ವ, ಬಾ, ಎಲ್ಲಿ ಕಟ್ಟಬೇಕೆಂದಿದ್ದೀಯ ತೋರಿಸು.”

ಹೊಸ ರೆಕ್ಕೆ ಬುಸ್ಸೆಂದಿತು. ಅವಳ ಹಿಂದೆ ಚೆನ್ನಿಗರಾಯ ಹಾರಿದ, ಅವನ ಹಿಂದೆ ತಡವರಿಸುತ್ತ ಮರಿ. ಭರಮಣ್ಣ ಎದ್ದ. ಮೊಲ ಓಡಿತು. ಲಾಗಪ್ಪ ಸ್ವಲ್ಪ ಹೊತ್ತು ಕೊಂಬೆಯ ಮೇಲೆ ಒಬ್ಬನೇ ಕೂತು ನೋಡಿದ. ಮಾತಾಡೋಣವೆಂದರೆ ಕೇಳಲು ಯಾರೂ ಉಳಿದಿರಲಿಲ್ಲ. ಅವನೂ ಕೆಳಗಿಳಿದು ಹೊಳೆಯ ಕಡೆಗೆ ನಡೆದ.

ನೀತಿ: ಕಣ್ಣು ನೋಡುವ ಮೊದಲೇ ಬಾಯಿ ತೀರ್ಪು ಕೊಡಬಾರದು, ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎನ್ನುವವನೇ ನಂಬಿಕೆಗೆ ಯೋಗ್ಯ.