ಮೇಸ್ತ್ರಿ ಹುಸೇನಪ್ಪ ಹಗುರ ಮಾಡಿದ ಕಾರು

ನಮ್ಮವ್ವನಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ, ಈಗಷ್ಟೇ ನಾನುಂಡ ರೊಟ್ಟಿ ಹೊಟ್ಟೆಯೊಳಗೇ ತಿರುಗಿ ಜೋಳವಾಗಲಿ.

ಬಹಳ ಹಿಂದೆ, ತುಂಗಭದ್ರೆಯ ಈಚೆ ದಡದ ಒಂದೂರಿನಲ್ಲಿ, ಹುಸೇನಪ್ಪ ಅಂತ ಒಬ್ಬ ಕಾರು ಮೇಸ್ತ್ರಿ ಇದ್ದ. ಎಷ್ಟು ಹಿಂದೆ ಅಂತ ಕೇಳಬೇಡಿ. ಕೇಳಿದವರಿಗೆಲ್ಲ ನಾನು ಬೇರೆಬೇರೆ ವರ್ಷ ಹೇಳಿದ್ದೇನೆ. ಇಂಜಿನ್ನಿಗೆ ಕಿವಿಗೊಟ್ಟು, ಇದಕ್ಕೆ ನೆಗಡಿ, ಇದಕ್ಕೆ ಅಜೀರ್ಣ ಅನ್ನುತ್ತಿದ್ದನಂತೆ. ಕೆಮ್ಮುತ್ತಾ ಬಂದ ಲಾರಿ ಅವನ ನೆರಳು ಕಂಡರೆ ಸಾಕು, ಕೆಮ್ಮು ನುಂಗಿಕೊಳ್ಳುತ್ತಿತ್ತಂತೆ.

ಆ ಊರಾಚೆ ಒಂದು ಬಯಲು. ಯಾವನೋ ದೊರೆ ವಿಮಾನ ಇಳಿಸಬೇಕೆಂದು ನೆಟ್ಟಗೆ ಸಿಮೆಂಟು ಹಾಸಿಸಿ, ವಿಮಾನ ಕೊಳ್ಳುವುದನ್ನೇ ಮರೆತನಂತೆ. ಅಲ್ಲಿ ವರ್ಷಕ್ಕೊಮ್ಮೆ ಕಾರಿನ ಪಂದ್ಯ. ಇಬ್ಬರು ಪಕ್ಕಪಕ್ಕ ನಿಲ್ಲಬೇಕು, ಬಾವುಟ ಬಿದ್ದ ಕೂಡಲೇ ನೆಟ್ಟಗೆ ಓಡಿಸಬೇಕು, ಆಚೆ ತುದಿಯ ಗೆರೆ ಮೊದಲು ಮುಟ್ಟಿದವನು ಗೆದ್ದ. ಸೋತವನು ತನ್ನ ಇಂಜಿನ್ ಬಿಚ್ಚಿ ಗೆದ್ದವನಿಗೆ ಕೊಟ್ಟು, ಬರೀ ತಗಡು ಎಳೆದುಕೊಂಡು ಮನೆಗೆ ಹೋಗಬೇಕು.

ಹುಸೇನಪ್ಪ ಪಂದ್ಯಕ್ಕೆ ಮಾತು ಕೊಟ್ಟುಬಿಟ್ಟ. ಆದರೆ ಕಾರು ಅವನದ್ದಲ್ಲ, ಹೆಂಡತಿ ದುರುಗಮ್ಮನದು. ತವರಿನವರು ಕೊಟ್ಟ ಆ ಹಳೇ ಕಾರಿನಲ್ಲಿ ಸಂತೆಗೆ ಜನ ಸಾಗಿಸಿ ಅವಳೇ ಮನೆ ನಡೆಸುತ್ತಿದ್ದಳು. ಇಂಜಿನ್ ಹೋದರೆ ಒಲೆಯೂ ಆರಿದಂತೆ. ಇದು ಅವನಿಗೆ ಗೊತ್ತಿತ್ತು. ಅದಕ್ಕೇ ಅವಳಿಗೆ ಹೇಳಲಿಲ್ಲ.

ಅವಳು ತವರಿಗೆ ಹೋದದ್ದೇ ತಡ, ತಯಾರಿ ಶುರುವಾಯಿತು. ಕಾರ್ಬೊರೇಟರ್ ಬಿಚ್ಚಿ ತೊಳೆದ. ಹೊಸ ಪ್ಲಗ್ ಹಾಕಿದ. ಸೈಲೆನ್ಸರ್ ಕಿತ್ತೆಸೆದ. ಆಮೇಲೆ ಕಾರನ್ನು ಹಗುರ ಮಾಡಲು ಕೂತ. ಹಿಂದಿನ ಸೀಟು ಬಿಚ್ಚಿದ, ಬಾಗಿಲು ಬಿಚ್ಚಿದ, ಬಾನೆಟ್ ಬಿಚ್ಚಿದ. ಸ್ಟೆಪ್ನಿ, ಜಾಕಿ ಎಲ್ಲ ಇಳಿಸಿ ಹಿತ್ತಲಲ್ಲಿ ಪೇರಿಸಿದ. ಇನ್ನೇನೂ ಸಿಗದೆ ಬಣ್ಣವನ್ನೂ ಕೆರೆದನಂತೆ. ಕಾರು ಎಷ್ಟು ಹಗುರಾಯಿತೆಂದರೆ, ಗಾಳಿಗೆ ಹಾರಿಹೋದೀತೆಂದು ಬೇವಿನ ಮರಕ್ಕೆ ಕಟ್ಟಿಹಾಕಿದನಂತೆ.

ಪಂದ್ಯದ ದಿನ ಎದುರಾಳಿ ಎರ್ರಿಸ್ವಾಮಿ ನೋಡಿ ನಕ್ಕ. "ಏನ್ ಮೇಸ್ತ್ರಿ, ಕಾರು ತಂದೀಯೋ, ಕಾರಿನ ಎಲುಬು ತಂದೀಯೋ?"

"ಎಲುಬು ಗಂಟಲಾಗ ಸಿಕ್ಕೀತು, ಹುಷಾರಪಾ," ಅಂದ ಹುಸೇನಪ್ಪ.

ಆದರೆ ಒಮ್ಮೆ ನೋಡೋಣವೆಂದು ಎಕ್ಸಿಲರೇಟರ್ ಒತ್ತಿದರೆ, ಹಿಂದಿನ ಚಕ್ರಗಳು ಗರಗರ ತಿರುಗಿದವು, ಹೊಗೆ ಎದ್ದಿತು, ಕಾರು ಮಾತ್ರ ನಿಂತಲ್ಲೇ. ಚಕ್ರ ನೆಲ ಹಿಡಿಯಲು ಹಿಂದೆ ಭಾರವೇ ಇಲ್ಲ! "ಸೊಳ್ಳಿ ಓಡ್ಸಾಕ ಬಂದಾನಪಾ!" ಅಂತ ಜನ ಕೇಕೆ ಹಾಕಿದರು. ಹುಸೇನಪ್ಪನ ಕಣ್ಣ ಮುಂದೆ ತಣ್ಣಗಿನ ಒಲೆಯೊಂದೇ ಬಂದು ನಿಂತಿತು.

ಆಗಲೇ ಒಂದು ಎತ್ತಿನ ಬಂಡಿ ಬಂತು. ಬಂಡಿಯ ತುಂಬ ಹಿತ್ತಲಲ್ಲಿದ್ದ ಸಾಮಾನು, ಮುಂದೆ ದುರುಗಮ್ಮ. ತವರಿನಿಂದ ಬಂದವಳಿಗೆ ನೆರೆಯವರು ಎಲ್ಲ ಹೇಳಿದ್ದರು. ಅವಳು ಒಂದೊಂದನ್ನೇ ಎತ್ತಿ ಕಾರಿನ ಹಿಂಭಾಗಕ್ಕೆ ಒಗೆದಳು. ಸೀಟು, ಬಾಗಿಲು, ಸ್ಟೆಪ್ನಿ, ಜಾಕಿ.

"ಏ ಇವಳೇ, ಏನ್ ಮಾಡಾಕತ್ತೀ?"

"ಕೊಡೂದಾದ್ರ ಎಲ್ಲಾ ಕೊಟ್ಟುಬಿಡ್ರಿ. ಇಂಜಿನ್ ಒಂದ್ಯಾಕ?" ಅಂದವಳೇ ರಾಶಿಯ ಮೇಲೆ ಹತ್ತಿದಳು. "ನಾನೂ ಕುಂತೀನಿ. ನನ್ನೂ ಕೊಡ್ರಿ!"

ಇಳಿ ಅನ್ನುವಷ್ಟರಲ್ಲಿ ಬಾವುಟ ಬಿತ್ತು.

ಹುಸೇನಪ್ಪ ದೇವರ ಮೇಲೆ ಭಾರ ಹಾಕಿ ಒತ್ತಿದ. ಚಕ್ರ ನೆಲ ಕಚ್ಚಿತು! ಎಂಥ ಓಟವಂತೀರಿ! ಕಾರಿನ ನೆರಳು ಹಿಂದೆ ಉಳಿದು, ಆಮೇಲೆ ಏದುಸಿರು ಬಿಡುತ್ತಾ ಬಂದು ಸೇರಿಕೊಂಡಿತಂತೆ. ದುರುಗಮ್ಮ ಹೊರಟಲ್ಲಿ ಬೈದ ಬೈಗುಳ, ಕಾರು ಗೆರೆ ಮುಟ್ಟಿ ನಿಂತ ಮೇಲೆ ಅವನ ಕಿವಿಗೆ ಬಿತ್ತಂತೆ. ಎರ್ರಿಸ್ವಾಮಿ ಇನ್ನೂ ಅರ್ಧ ದಾರಿಯಲ್ಲಿದ್ದ.

ಹುಸೇನಪ್ಪ ಬಿಟ್ಟ ನಿಟ್ಟುಸಿರಿಗೆ ಬಯಲಿನ ಧೂಳೆಲ್ಲ ಪಕ್ಕದೂರಿಗೆ ಹೋಯಿತಂತೆ. ಗೆದ್ದ ಇಂಜಿನ್ ಬೇಡ ಅಂದಳಂತೆ ದುರುಗಮ್ಮ. "ಅವನ ಮನಿಯಾಗೂ ಒಲಿ ಐತಿ" ಅಂದಳಂತೆ. ಆಮೇಲೆ ನಕ್ಕಳಂತೆ. ನಕ್ಕು, ಸ್ಟಿಯರಿಂಗ್ ತಾನೇ ಹಿಡಿದು ಮನೆಗೆ ಓಡಿಸಿದಳಂತೆ.

ಇವತ್ತಿಗೂ ಆ ಬಯಲಿನಲ್ಲಿ ಗೆದ್ದವರು ಇಂಜಿನ್ ಕೇಳುವುದಿಲ್ಲ. ಬಾವುಟ ಬೀಳುವ ಮುನ್ನ ಓಡಿಸುವವನು ಖಾಲಿ ಹಿಂಬದಿಗೆ ತಿರುಗಿ, "ದುರುಗವ್ವಾ, ಕುಂತ್ಯಾ?" ಅಂತ ಕೇಳಬೇಕು. ನೆರೆದವರೆಲ್ಲ "ಕುಂತೀನಿ, ಬಿಡೋ!" ಅನ್ನಬೇಕು. ಕೇಳದೆ ಹೊರಟವನ ಚಕ್ರ ನಿಂತಲ್ಲೇ ತಿರುಗುತ್ತದೆ.

ಎಲ್ಲ ನಿಜ. ಹಾಂ, ಒಂದೇ ಒಂದು ಸಣ್ಣ ಮಾತು ನಾನು ಸೇರಿಸಿದ್ದು, ಅವಳು ನಕ್ಕಳು ಅನ್ನುವುದು. ಅವಳು ನಗಲಿಲ್ಲ. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟುವ ಹಾಗೆ ತನ್ನ ಕಾರಿನ ಇಂಜಿನ್ ಮುಟ್ಟಿ ಮುಟ್ಟಿ ಅತ್ತಳು.