ಹೆಗಲು ಇಳಿಸಲು ಬಾರದ ಪೈಲ್ವಾನ

"ಉಸ್ತಾದರೇ, ಹೆಗಲ ಖಂಡ ಬೇಗ ದಪ್ಪವಾಗಬೇಕಾದರೆ ಎಷ್ಟು ಭಾರ ಎತ್ತಬೇಕು?"

ಕೇಳಿದವನು ಭೈರಲಿಂಗ. ಗರಡಿಗೆ ಸೇರಿ ಬಹಳ ಕಾಲವಾಗಿರಲಿಲ್ಲ. ತೋಳು, ತೊಡೆ, ಎದೆ ಬೆಳೆದಿದ್ದವು. ಕತ್ತಿನ ಬುಡದಿಂದ ಭುಜದ ಕಡೆಗೆ ಇಳಿಯುವ ಜಾಗ ಮಾತ್ರ ತೆಳ್ಳಗೆ ಉಳಿದಿತ್ತು. ಅದಕ್ಕಾಗಿಯೇ ಅವನು ಸಂಜೆ ಜಿಮ್ಮಿಗೂ ಹೋಗುತ್ತಿದ್ದ. ಎರಡೂ ಕೈಯಲ್ಲಿ ಡಂಬೆಲ್ಸ್ ಹಿಡಿದು ಭುಜಗಳನ್ನು ಕಿವಿಯವರೆಗೆ ಎತ್ತುತ್ತಿದ್ದ. ವಾರ ವಾರವೂ ಭಾರ ಹೆಚ್ಚಿಸುತ್ತಿದ್ದ. ಖಂಡ ಬೆಳೆಯಲಿಲ್ಲ, ಕತ್ತು ನೋಯತೊಡಗಿತು. ಆ ನೋವಿನ ವಿಷಯವನ್ನು ಅವನು ಉಸ್ತಾದರಿಗೆ ಹೇಳಲಿಲ್ಲ.

ಉಸ್ತಾದ್ ಮುದ್ದಯ್ಯನವರು ಕುಸ್ತಿಯ ಮಟ್ಟಿಯೊಳಗೆ ಕೂತು, ತುಳಿತಕ್ಕೆ ಹಳ್ಳ ಬಿದ್ದ ಕೆಮ್ಮಣ್ಣನ್ನು ಅಂಗೈಯಿಂದ ಸಮ ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಕೂತ್ಕೋ. ಒಂದು ಕತೆ ಇದೆ. ಮುಗಿಯುವ ತನಕ ಬಾಯಿ ಹಾಕಬೇಡ," ಎಂದರು.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಪಟ್ಟುಗಳನ್ನು ಚೆನ್ನಾಗಿ ಕಲಿತಿದ್ದ. ದಮ್ಮಿಗೇನೂ ಕಡಿಮೆ ಇರಲಿಲ್ಲ. ಇದ್ದ ಕೊರತೆ ಒಂದೇ. ಕತ್ತು ಉದ್ದ, ಹೆಗಲು ಇಳಿಜಾರು. ಗರಡಿಯವರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಅಣ್ಣಾ, ನಿನ್ನ ಹೆಗಲ ಮೇಲೆ ಟವಲು ನಿಲ್ಲಬೇಕಾದರೆ ಮೊಳೆ ಹೊಡೀಬೇಕು," ಎಂದು ಒಬ್ಬ ಹೇಳಿದರೆ ಉಳಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಆದರೆ ಕುಸ್ತಿಯಲ್ಲಿ ಅದು ನಗುವ ವಿಷಯವಲ್ಲ. ಎದುರಾಳಿ ಮೊದಲು ಕೈ ಹಾಕುವುದೇ ಕತ್ತಿಗೆ. ಹೆಗಲ ಖಂಡ ತುಂಬಿದ್ದರೆ ತಲೆ ನಿಲ್ಲುತ್ತದೆ. ಇಲ್ಲವಾದರೆ ತಲೆ ಬಾಗುತ್ತದೆ. ತಲೆ ಬಾಗಿದ ಮೇಲೆ ಮೈಯನ್ನು ತಡೆದು ನಿಲ್ಲಿಸುವುದು ಕಷ್ಟ.

ಯಾರ ಎದುರು ಯಾರು ಎಂದು ಹಿರಿಯರು ಮೊದಲೇ ಗೊತ್ತು ಮಾಡುವುದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಆ ವರ್ಷದ ದಸರೆಗೆ ಅವನಿಗೆ ದೊಡ್ಡ ಜೋಡಿ ಕಟ್ಟಿದ್ದರು. ಎದುರಾಳಿ ಕತ್ತು ಎಳೆಯುವುದರಲ್ಲಿ ಹೆಸರಾದವನು.

ಪೈಲ್ವಾನನ ಗುರು ಕಡ್ಡಿ ಮುರಿದಂತೆ ಹೇಳಿದ. "ಹೆಗಲು ತುಂಬದೆ ನಿನ್ನನ್ನ ಮಟ್ಟಿಗೆ ಇಳಿಸಲ್ಲ ಕಣೋ. ಕತ್ತು ಮುರಿದ ಗಂಡನ್ನ ನಿನ್ನ ಹೆಂಡತಿಗೆ ಒಪ್ಪಿಸೋದು ನನ್ನ ಕೈಲಾಗಲ್ಲ."

ಹೇಳಿ ಸುಮ್ಮನಾಗಲಿಲ್ಲ, ದಾರಿಯನ್ನೂ ತೋರಿಸಿದ. ಹಿಡಿಕೆ ಕಡೆದ ಕಲ್ಲುಗಳನ್ನು ಕೈಗೊಂದರಂತೆ ಹಿಡಿದು ನೆಟ್ಟಗೆ ನಿಲ್ಲಬೇಕು. ತೋಳು ಮಡಿಸಕೂಡದು. ಭುಜಗಳನ್ನು ನೇರವಾಗಿ ಕಿವಿಯ ಕಡೆಗೆ ಎತ್ತಬೇಕು. ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಬೇಕು. ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಬೇಕು. ಕೊನೆಗೆ ಕಲ್ಲನ್ನು ನೆಲಕ್ಕಿಡುವಾಗ ಸದ್ದಾಗಬಾರದು. ಇದು ಆ ಗರಡಿಯ ಕಟ್ಟಳೆ. ಮಾರನೆಯ ದಿನ ಕಲ್ಲು ಮುಟ್ಟುವಂತಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಮೈಯನ್ನು ಸಡಿಲ ಬಿಡಬೇಕು.

ಪೈಲ್ವಾನನಿಗೆ ಈ ಪಾಠದ ಅರ್ಧ ಮಾತ್ರ ಹಿಡಿಸಿತು. ಎತ್ತುವ ಅರ್ಧ.

ಅವನು ದೊಡ್ಡ ಕಲ್ಲುಗಳಿಗೆ ಕೈ ಹಾಕಿದ. ಭುಜದಿಂದ ಏಳದಿದ್ದಾಗ ಮಂಡಿ ಕುಗ್ಗಿಸಿ ಜಗ್ಗಿ ಎತ್ತಿದ. ಎತ್ತಿದ್ದನ್ನು ದೊಪ್ಪನೆ ಬಿಟ್ಟ. ಬಿಡುವಿನ ದಿನವನ್ನೂ ಬಿಡಲಿಲ್ಲ. ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಬಸ್ಕಿ ಹೊಡೆಯುವಾಗ ಕೊರಳಿಗೆ ಹಾಕಿಕೊಳ್ಳುವ ಕಲ್ಲಿನ ಬಳೆಯೊಂದು ಆ ಗರಡಿಯಲ್ಲಿತ್ತು. ಅದನ್ನು ಮನೆಗೆ ಒಯ್ದ. ನೀರು ಸೇದುವಾಗ, ಜಗುಲಿಯ ಮೇಲೆ ಕೂತಾಗ, ಊಟ ಮಾಡುವಾಗ ಅದು ಕೊರಳಲ್ಲೇ ಇತ್ತು. ಮಾಂಸಕ್ಕೆ ಬಿಡುವು ಕೊಟ್ಟರೆ ಅದು ಕಲಿತದ್ದನ್ನು ಮರೆಯುತ್ತದೆ ಎಂದು ಅವನು ನಂಬಿದ್ದ.

"ರೀ, ಉಣ್ಣೋವಾಗಲಾದರೂ ಅದನ್ನ ತೆಗೆದಿಡಿ. ಬೀಸೋ ಕಲ್ಲಿನ ಜೊತೆ ಸಂಸಾರ ಮಾಡಿದ ಹಾಗಾಗಿದೆ ನನಗೆ," ಎಂದಳು ಹೆಂಡತಿ.

"ದಸರೆ ಮುಗೀಲಿ," ಎಂದ.

ಹೆಗಲು ಗಟ್ಟಿಯಾಯಿತು. ಬೆರಳಿನಿಂದ ಒತ್ತಿದರೆ ಮರ ಒತ್ತಿದಂತೆ. ಗಟ್ಟಿಯಾದದ್ದನ್ನೇ ಅವನು ಬೆಳೆದದ್ದು ಎಂದು ತಿಳಿದ.

ಅವನಿಗೊಬ್ಬಳು ಮಗಳಿದ್ದಳು. ಮಾತು ಆಗತಾನೆ ಕೂಡಿಬರುತ್ತಿದ್ದ ವಯಸ್ಸು. ಹೊತ್ತು ಮುಳುಗುವಾಗ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗುವುದು ಅವಳ ರೂಢಿ. ತೊಟ್ಟಿಲು ಬೇಡ, ಅಮ್ಮನ ತೊಡೆಯೂ ಬೇಡ. ಅವನು ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆದು, ನಿದ್ದೆ ಹತ್ತಿದ ಮೇಲೆ ಚಾಪೆಯ ಮೇಲೆ ಮಲಗಿಸುತ್ತಿದ್ದ. ದಿನದಲ್ಲಿ ಅವನು ಎದುರು ನೋಡುತ್ತಿದ್ದ ಹೊತ್ತು ಅದೊಂದೇ.

ಆ ಬೇಸಿಗೆಯಲ್ಲಿ ಅದು ನಿಂತುಹೋಯಿತು.

ಅವನು ಬಳೆ ತೆಗೆದಿಟ್ಟೇ ಎತ್ತಿಕೊಳ್ಳುತ್ತಿದ್ದ. ಮಗಳು ತಲೆ ಇಟ್ಟಳು, ಎತ್ತಿದಳು. ಇನ್ನೊಂದು ಬದಿಗೆ ಇಟ್ಟಳು, ಎತ್ತಿದಳು. ಅಳುತ್ತ ಅಮ್ಮನ ಕಡೆಗೆ ಕೈ ಚಾಚಿದಳು. ಸೆಕೆ ಇರಬೇಕು ಎಂದುಕೊಂಡ. ಹಸಿವಿರಬೇಕು ಎಂದುಕೊಂಡ. ಕೆಲವು ದಿನಗಳ ಮೇಲೆ ಅವನು ಕೈ ಚಾಚಿದರೆ ಮಗಳು ಅಮ್ಮನ ಸೀರೆಯ ಹಿಂದೆ ಬಚ್ಚಿಟ್ಟುಕೊಳ್ಳತೊಡಗಿದಳು.

"ಏನಾಯಿತೇ ಇವಳಿಗೆ?"

"ಅವಳಿಗೇನೂ ಆಗಿಲ್ಲ. ನಿಮಗಾಗಿದೆ," ಎಂದಳು ಹೆಂಡತಿ. "ಭುಜ ಕಿವಿಗೆ ಅಂಟಿಸಿಕೊಂಡು ಓಡಾಡ್ತೀರಿ. ಸಿಟ್ಟು ಬಂದೋರು ಹಾಗೆ ನಿಂತ್ಕೋತಾರೆ. ಅಪ್ಪನಿಗೆ ನನ್ನ ಮೇಲೆ ಸಿಟ್ಟು ಅಂದುಕೊಂಡಿದಾಳೆ."

"ನನಗೆಲ್ಲಿ ಸಿಟ್ಟಿದೆ?"

"ಅದು ನನಗೆ ಗೊತ್ತು. ಅವಳಿಗೆ ಯಾರು ಹೇಳಬೇಕು?"

ಅವನು ಭುಜ ಇಳಿಸಲು ನೋಡಿದ. ಇಳಿಯಲಿಲ್ಲ. ಉಸಿರು ಬಿಟ್ಟು ಇನ್ನೊಮ್ಮೆ ನೋಡಿದ. ಆಗಲೂ ಇಳಿಯಲಿಲ್ಲ. ಎದುರಾಳಿಯ ಹೆಸರು ಕೇಳಿ ಹೆದರದವನು ಅಂದು ತನ್ನ ಅಂಗಳದಲ್ಲಿ ನಿಂತು ಹೆದರಿದ.

ಇಷ್ಟು ಹೇಳಿ ಉಸ್ತಾದರು ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿದರು. ಭೈರಲಿಂಗ ತನಗರಿವಿಲ್ಲದೆ ತನ್ನ ಭುಜಗಳನ್ನು ಇಳಿಸಲು ಹವಣಿಸುತ್ತಿದ್ದ. ಉಸ್ತಾದರು ಅದನ್ನು ಕಂಡರೂ ಕಾಣದವರಂತೆ ಕತೆ ಮುಂದುವರಿಸಿದರು.

ಬೆಳಗಾಗುತ್ತಲೇ ಪೈಲ್ವಾನ ಗುರುವಿನ ಹತ್ತಿರ ಹೋದ. ಗುರು ಹೆಬ್ಬೆರಳಿನಿಂದ ಹೆಗಲನ್ನು ಒತ್ತಿ ನೋಡಿದ. ತಲೆ ತಿರುಗಿಸು ಎಂದ. ತಲೆಯ ಬದಲು ಸೊಂಟದಿಂದ ಮೇಲಿನ ಮೈಯೆಲ್ಲ ತಿರುಗಿತು.

"ಕಲ್ಲು ಮನೆಗೆ ಯಾಕೆ ತಗೊಂಡು ಹೋದೆ?"

"ಬೇಗ ಬೆಳೀಲಿ ಅಂತ."

"ಬೆಳೆದಿಲ್ಲ, ಬಿಗಿದುಕೊಂಡಿದೆ. ಇದಕ್ಕೆ ಏರೋದೊಂದೇ ಕಲಿಸಿದೀಯ. ಇಳಿಯೋದನ್ನ ಕಲಿಸಿಲ್ಲ."

"ಈಗ ಕಲಿಸಿ, ಗುರುಗಳೇ."

"ನನ್ನ ಮಾತು ಕೇಳೋ ಹಾಗಿದ್ದರೆ ಆಗಲೇ ಕೇಳುತ್ತಿದ್ದೆ. ಹೋಗಿ ನಿನ್ನ ಮಗಳ ಹತ್ತಿರ ಕಲಿ. ಅವಳು ನಿನ್ನ ಹೆಗಲ ಮೇಲೆ ನಿದ್ದೆ ಹೋಗೋ ತನಕ ಈ ಗರಡಿಯ ಕಲ್ಲು ಮುಟ್ಟಕೂಡದು."

"ದಸರೆ ಹತ್ತಿರ ಬರ್ತಾ ಇದೆಯಲ್ಲ?"

"ಬರಲಿ. ಅದನ್ನ ನಾನೇನೂ ಕರೆದಿಲ್ಲ."

ಪೈಲ್ವಾನ ಬಳೆಯನ್ನು ಗರಡಿಗೆ ತಂದೊಪ್ಪಿಸಿದ. ಸಂಜೆ ಅಂಗಳದಲ್ಲಿ ಮಗಳ ಕಡೆಗೆ ಬೆನ್ನು ಮಾಡಿ ಕೂತ. ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಹಿಂದಿನಿಂದ ಬಂದು ಅವನ ಕತ್ತಿನ ಬುಡದ ಮೇಲೆ ಅಂಗೈ ಇಟ್ಟಳು.

"ಕಲ್ಲು," ಎಂದಳು.

"ಇಲ್ಲಮ್ಮ, ಕೊಟ್ಟುಬಿಟ್ಟೆ."

"ಇದೆ," ಎಂದಳು ಮಗಳು.

ಅವನು ಆ ಪುಟ್ಟ ಕೈ ಸರಿಯುವ ತನಕ ಅಲುಗಾಡದೆ ಕೂತಿದ್ದ.

ಅಂದಿನಿಂದ ಹೆಂಡತಿ ಎಣ್ಣೆ ಬೆಚ್ಚಗೆ ಮಾಡಿ ಅವನ ಹೆಗಲನ್ನು ತಿಕ್ಕಿದಳು. ಅವನು ಉಸಿರೆಳೆದು ಭುಜ ಏರಿಸಿ, ಉದ್ದಕ್ಕೆ ಉಸಿರು ಬಿಡುತ್ತ ಇಳಿಸುವುದನ್ನು ಬರಿಗೈಯಲ್ಲಿ ಮಾಡಿದ. ಸಂಜೆ ಮಗಳನ್ನು ಎತ್ತಿಕೊಂಡು ನಡೆದ. ಹೆಗಲು ಒಂದಿಷ್ಟು ಏರಿದರೆ ಅವಳ ತಲೆ ಮೇಲೇಳುತ್ತಿತ್ತು. ಹೆಗಲು ಏರಿದ್ದು ಅವನಿಗೇ ತಿಳಿಯುತ್ತಿರಲಿಲ್ಲ, ಅವಳಿಗೆ ತಿಳಿಯುತ್ತಿತ್ತು. ಅವನು ಉಸಿರು ಬಿಡುತ್ತಿದ್ದ. ತಲೆ ಮತ್ತೆ ಬಂದು ಕೂರುತ್ತಿತ್ತು. ಒಮ್ಮೊಮ್ಮೆ ಬೇಸರಪಟ್ಟು ಅವಳು ಅಮ್ಮನ ಹತ್ತಿರ ಹೋಗಿಬಿಡುತ್ತಿದ್ದಳು. ಅವನು ಮಾರನೆಯ ಸಂಜೆಗೆ ಕಾಯುತ್ತಿದ್ದ.

ಗರಡಿಯಲ್ಲಿ ಉಳಿದವರು ಕಲ್ಲೆತ್ತುತ್ತಿದ್ದರು. ದಸರೆ ಹತ್ತಿರವಾಗುತ್ತಿತ್ತು. ಜೋಡಿ ಕೈತಪ್ಪುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಆದರೂ ಅವನು ಕಲ್ಲು ಮುಟ್ಟಲಿಲ್ಲ.

ಒಂದು ಸಂಜೆ ನಡೆಯುತ್ತಿದ್ದಾಗ ಮಗಳು ಇದ್ದಕ್ಕಿದ್ದಂತೆ ಭಾರವಾದಳು. ನಿದ್ದೆ ಹೋದ ಮಗು ಎಚ್ಚರವಿದ್ದ ಮಗುವಿಗಿಂತ ಭಾರ. ಎತ್ತಿಕೊಂಡವರೆಲ್ಲರಿಗೂ ಇದು ಗೊತ್ತು. ಹೆಂಡತಿ ಬಾಗಿಲಲ್ಲಿ ನಿಂತು, ಮಲಗಿದಳು ಎಂದು ಕೈಸನ್ನೆ ಮಾಡಿದಳು. ಅವನು ನಡೆಯುವುದನ್ನು ನಿಲ್ಲಿಸಲಿಲ್ಲ. ಒಳಗೆ ದೀಪ ಹಚ್ಚಿದ ಮೇಲೂ ನಡೆಯುತ್ತಲೇ ಇದ್ದ. ತಾನು ಅಳಲಿಲ್ಲ ಎಂದು ಅವನು ಹೇಳುತ್ತಾನೆ. ಹೆಂಡತಿ ಹೇಳುವುದು ಬೇರೆ.

ಮರುದಿನ ಗರಡಿಗೆ ಹೋಗಿ ಸಣ್ಣ ಕಲ್ಲುಗಳನ್ನು ಹಿಡಿದ.

"ಏನಣ್ಣಾ, ಪೈಲ್ವಾನಿಕೆ ಹಿಂದುಹಿಂದಕ್ಕೆ ಓಡ್ತಾ ಇದೆ? ನಾಳೆ ಗೋಲಿ ಎತ್ತುತೀಯಾ?" ಎಂದ ಒಬ್ಬ.

"ಎತ್ತೋದು ಸುಲಭ ಕಣೋ, ಇಳಿಸೋದನ್ನ ನೋಡ್ಕೋ," ಎಂದು ಅವನು ನಕ್ಕ.

ಎತ್ತಿದ. ನಿಲ್ಲಿಸಿದ. ಮಗಳನ್ನು ಚಾಪೆಗೆ ಇಳಿಸುವಷ್ಟು ನಿಧಾನವಾಗಿ ಇಳಿಸಿದ. ಸದ್ದಾಗಲಿಲ್ಲ. ಮಾರನೆಯ ದಿನ ಬಿಡುವು ಕೊಟ್ಟ. ಇಳಿಸಲು ಬಂದ ಮೇಲೆಯೇ ಮುಂದಿನ ಕಲ್ಲಿಗೆ ಹೋದ. ಮಳೆ ಹಿಂದಾಗುವ ಹೊತ್ತಿಗೆ ಕತ್ತಿನ ಬುಡದಿಂದ ಭುಜದವರೆಗೆ, ಅಲ್ಲಿಂದ ಬೆನ್ನಿನ ನಡುವಿನವರೆಗೆ ಖಂಡ ತುಂಬಿಕೊಂಡಿತು. ಬಹುಪಾಲು ಬೆನ್ನ ಕಡೆಗೇ ಇದ್ದುದರಿಂದ ಅವನಿಗೆ ಕಾಣಲಿಲ್ಲ. ಗುರು ಹೆಬ್ಬೆರಳಿನಿಂದ ಒತ್ತಿದ. ಮಾಂಸ ತಗ್ಗಿತು, ಮತ್ತೆ ಎದ್ದಿತು.

"ಈಗ ಇಳೀತದೆ," ಎಂದ ಗುರು. "ಇನ್ನು ನೀನೂ ಮಟ್ಟಿಗೆ ಇಳಿ."

ದಸರೆಯ ದಿನ ಗರಡಿಯವರೆಲ್ಲ ಹೋದರು. ಹೆಂಡತಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಎದುರಾಳಿ ಎಲ್ಲರೂ ಅಂದುಕೊಂಡಂತೆ ಕತ್ತಿಗೆ ಕೈ ಹಾಕಿ ಎಳೆದ. ತಲೆ ಬಾಗಲಿಲ್ಲ. ಇನ್ನೊಂದು ಕೈಯನ್ನೂ ಹಾಕಿ ಎಳೆದ. ಆಗಲೂ ಬಾಗಲಿಲ್ಲ. ಹಿಡಿತದ ಮೇಲೆ ಹಿಡಿತ ಬಿತ್ತು. ಕೂತಿದ್ದ ಜನ ಎದ್ದು ನಿಂತರು. ಮಟ್ಟಿಯ ಮಣ್ಣು ಮೊದಲ ಸಾಲಿನವರೆಗೂ ಹಾರಿತು.

ಉಸ್ತಾದರು ಇಲ್ಲಿಗೆ ನಿಲ್ಲಿಸಿದರು. ಮಣ್ಣು ಸಮವಾಗಿತ್ತು. ಕೈ ಕೊಡವಿಕೊಂಡು ಎದ್ದರು.

ಭೈರಲಿಂಗನಿಗೆ ತಡೆಯಲಾಗಲಿಲ್ಲ. "ಆಮೇಲೆ, ಉಸ್ತಾದರೇ? ಗೆದ್ದನೋ ಸೋತನೋ, ಹೇಳಲೇ ಇಲ್ಲವಲ್ಲ?"

"ಹಿಂದಿರುಗುವಾಗ ದಾರಿಯುದ್ದಕ್ಕೂ ಮಗಳು ಅವನ ಹೆಗಲ ಮೇಲೆ ಮಲಗಿದ್ದಳು, ಅವಳು ಎದ್ದಾಳೆಂದು ಜೊತೆಗಿದ್ದ ನಾವು ಗರಡಿಯವರು ಯಾರೂ ಸೋಲು ಗೆಲುವಿನ ಮಾತೆತ್ತಲಿಲ್ಲ," ಎಂದರು ಉಸ್ತಾದರು.