ಉಸಿರು ಕಟ್ಟಿದ ಅಕ್ಕಸಾಲಿಗ

“ಗುರುಗಳೇ, ಕಣ್ಣಾರೆ ಕಂಡದ್ದನ್ನೂ ಸಂಶಯಪಡಬೇಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ವೈದ್ಯರು. ಮಿದುಳಿನ ಸ್ಕ್ಯಾನ್ ಓದುವ ಬಗೆಯನ್ನು ಕಿರಿಯ ವೈದ್ಯರಿಗೆ ಕಲಿಸುತ್ತಿದ್ದರು. ಶಿಷ್ಯ ಅಂದು ಒಂದು ಸ್ಕ್ಯಾನನ್ನು ಒಮ್ಮೆ ಮಾತ್ರ ನೋಡಿ ವರದಿ ಬರೆದಿದ್ದ. ಗುರುಗಳು ಅದಕ್ಕೆ ಸಹಿ ಹಾಕಿರಲಿಲ್ಲ. ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಗುರುಗಳು ನೇರವಾಗಿ ಉತ್ತರ ಕೊಡದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಅವನ ಮಿದುಳಿನ ಎಡಭಾಗದಲ್ಲಿ ಒಂದು ಗಡ್ಡೆ ಬೆಳೆಯಿತು. ತೆಗೆಯದಿದ್ದರೆ ಜೀವಕ್ಕೆ ಅಪಾಯ. ತೆಗೆಯುವಾಗ ತಪ್ಪಿದರೆ ಮಾತಿಗೆ ಅಪಾಯ. ಏಕೆಂದರೆ ಹೆಚ್ಚಿನವರಲ್ಲಿ ಮಾತನ್ನು ಆಳುವ ಜಾಗ ಎಡಭಾಗದಲ್ಲೇ ಇರುತ್ತದೆ. ಕೆಲವರಲ್ಲಿ ಮಾತ್ರ ಬಲಕ್ಕಿರುತ್ತದೆ. ಗಡ್ಡೆ ಬೆಳೆದಾಗ ಬಲಕ್ಕೆ ಸರಿಯುವುದೂ ಉಂಟು. ಈ ಅಕ್ಕಸಾಲಿಗನಲ್ಲಿ ಅದು ಎಲ್ಲಿದೆ ಎಂದು ಮೊದಲು ತಿಳಿಯಬೇಕಿತ್ತು. ಆ ಕೆಲಸ ಒಬ್ಬ ವೈದ್ಯನ ಪಾಲಿಗೆ ಬಂತು.

ಅಕ್ಕಸಾಲಿಗ ಮಾತುಗಾರ. “ಡಾಕ್ಟ್ರೇ, ಕೈ ನಡುಗಿದರೆ ಕೆಲಸ ಮಾಡಲು ನನ್ನ ತಮ್ಮ ಇದ್ದಾನೆ,” ಎಂದ. “ಮಾತು ಹೋದರೆ ಮಾತ್ರ ಕಷ್ಟ. ಅವನಿಗೆ ಗಿರಾಕಿಯನ್ನು ಕೂರಿಸಿಕೊಳ್ಳಲು ಬರುವುದಿಲ್ಲ. ಬಂದವರೆಲ್ಲ ನೀರು ಕುಡಿದು ಎದ್ದು ಹೋಗುತ್ತಾರೆ.”

ವೈದ್ಯ ಅವನನ್ನು ಯಂತ್ರದೊಳಗೆ ಮಲಗಿಸಿದ. ಅರ್ಧ ನಿಮಿಷ ಅವನ ಕಣ್ಣೆದುರು ಕೊಡ, ಕತ್ತರಿ, ಎಮ್ಮೆ ಹೀಗೆ ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದವು. ಅವುಗಳ ಹೆಸರನ್ನು ಅವನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಮುಂದಿನ ಅರ್ಧ ನಿಮಿಷ ಸುಮ್ಮನಿರಬೇಕು. ಮತ್ತೆ ಹೆಸರು, ಮತ್ತೆ ಸುಮ್ಮನೆ. ಹೀಗೆ ಹಲವು ಸಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಯಂತ್ರ ಯೋಚನೆಯನ್ನು ಕಾಣುವುದಿಲ್ಲ, ಮಾತನ್ನೂ ಕಾಣುವುದಿಲ್ಲ. ಅದು ಕಾಣುವುದು ರಕ್ತವನ್ನು. ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಹೆಚ್ಚು ಹರಿದ ಕಡೆ ಸ್ಕ್ಯಾನಿನಲ್ಲಿ ಬೆಳಗುತ್ತದೆ. ಬೆಳಗಿದ ಕಡೆ ಕೆಲಸ ನಡೆದಿದೆ ಎಂದು ವೈದ್ಯರು ತಿಳಿಯುತ್ತಾರೆ.

ಅಕ್ಕಸಾಲಿಗನ ಸ್ಕ್ಯಾನಿನಲ್ಲಿ ಬಲಭಾಗ ಬೆಳಗಿತ್ತು. ಎಡಕ್ಕೆ, ಗಡ್ಡೆಯ ಸುತ್ತ, ಕತ್ತಲೆ. ಮಾತು ಬಲಕ್ಕೆ ಸರಿದಿದೆ ಎಂದು ವೈದ್ಯ ವರದಿ ಬರೆದ. ಗಡ್ಡೆಯ ಸುತ್ತ ಒಂದು ಗೆರೆ ಎಳೆದು, ಇಷ್ಟನ್ನೂ ತೆಗೆಯಬಹುದು ಎಂದು ಗುರುತು ಹಾಕಿದ.

ಶಸ್ತ್ರಚಿಕಿತ್ಸೆಗೆ ಇನ್ನೂ ಎರಡು ದಿನವಿತ್ತು. ವೈದ್ಯ ವಾರ್ಡಿಗೆ ಹೋಗಿ, ಮೆಚ್ಚುಗೆಯಿಂದಲೇ ಒಂದು ಮಾತು ಹೇಳಿದ. “ಆಚಾರ್ರೇ, ಯಂತ್ರದಲ್ಲಿ ನಿಮ್ಮಷ್ಟು ಅಲುಗದೆ ಮಲಗಿದವರನ್ನು ನಾನು ನೋಡಿಲ್ಲ.”

“ನಲವತ್ತು ವರ್ಷ ಚಿನ್ನ ತೂಗಿದವನು ಡಾಕ್ಟ್ರೇ,” ಎಂದ ಅಕ್ಕಸಾಲಿಗ. “ತಕ್ಕಡಿಯ ಮುಂದೆ ಉಸಿರು ಬಿಟ್ಟರೆ ತಟ್ಟೆ ಅಲುಗುತ್ತದೆ. ಗಿರಾಕಿ ನನ್ನನ್ನು ಕಳ್ಳ ಅನ್ನುತ್ತಾನೆ. ಜೋಪಾನದ ಕೆಲಸ ಅಂದರೆ ಸಾಕು, ನನ್ನ ಉಸಿರು ತಾನಾಗಿ ನಿಲ್ಲುತ್ತದೆ. ಆ ಕೊಡ, ಎಮ್ಮೆ ಬಂದಾಗಲೆಲ್ಲ ಉಸಿರು ಕಟ್ಟಿಕೊಂಡೇ ಇದ್ದೆ. ಸುಮ್ಮನಿರಿ ಅಂದಾಗ ಬಿಟ್ಟೆ. ಈ ಮನುಷ್ಯ ಬಾಯಿ ಮುಚ್ಚುವುದು ತೂಗುವಾಗ ಮಾತ್ರ ಅಂತ ನನ್ನ ಹೆಂಡತಿ ಊರಿಗೆಲ್ಲ ಹೇಳಿದ್ದಾಳೆ.”

ಪಕ್ಕದಲ್ಲಿದ್ದ ನರ್ಸ್ ನಕ್ಕಳು. ವೈದ್ಯ ನಗಲಿಲ್ಲ.

ಏಕೆ ನಗಲಿಲ್ಲ ಎಂಬುದನ್ನೂ ಹೇಳುತ್ತೇನೆ. ಉಸಿರು ಕಟ್ಟಿದರೆ, ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ. ಅದು ಹೆಚ್ಚಿದರೆ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ನಾಳ ಹಿಗ್ಗಿದರೆ ರಕ್ತ ಹೆಚ್ಚು ಹರಿಯುತ್ತದೆ. ಆಗ ಯಾವ ಕೆಲಸ ನಡೆಯದಿದ್ದರೂ ಸ್ಕ್ಯಾನ್ ಬೆಳಗುತ್ತದೆ. ವೈದ್ಯ ಇದನ್ನು ಓದಿದ್ದ. ಪರೀಕ್ಷೆಯಲ್ಲಿ ಬರೆದೂ ಇದ್ದ.

ಮರುದಿನ ಬೆಳಿಗ್ಗೆ ಅವನು ಅಕ್ಕಸಾಲಿಗನನ್ನು ಮತ್ತೆ ಯಂತ್ರದೊಳಗೆ ಮಲಗಿಸಿದ. ಈ ಸಲ ಕೊಡವಿಲ್ಲ, ಎಮ್ಮೆಯಿಲ್ಲ. ಕಣ್ಣು ಮುಚ್ಚಿ, ಯಾವ ಹೆಸರನ್ನೂ ನೆನೆಯದೆ ಉಸಿರಾಡಿ ಎಂದ. ಮುಖಕ್ಕೆ ಮಾಸ್ಕ್ ಹಾಕಿ, ಸ್ವಲ್ಪ ಹೊತ್ತು ಇಂಗಾಲದ ಡೈಆಕ್ಸೈಡ್ ತುಸು ಬೆರೆಸಿದ ಗಾಳಿಯನ್ನು, ಸ್ವಲ್ಪ ಹೊತ್ತು ಬರಿಯ ಗಾಳಿಯನ್ನು ಕೊಟ್ಟ.

ಹೊಸ ಸ್ಕ್ಯಾನ್ ಬಂತು. ಬಲಭಾಗ ಬೆಳಗಿತ್ತು. ಎಡಕ್ಕೆ, ಗಡ್ಡೆಯ ಸುತ್ತ, ಕತ್ತಲೆ.

ವೈದ್ಯ ಹಳೆಯದನ್ನು ಅದರ ಪಕ್ಕದಲ್ಲಿಟ್ಟ. ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯಲು ಮೇಲಿನ ತಾರೀಖು ಓದಬೇಕಾಯಿತು. ಮಾತು ಎಂದು ಅವನು ಬರೆದದ್ದು ಕಟ್ಟಿದ ಉಸಿರನ್ನು. ಇನ್ನು ಆ ಕತ್ತಲೆ. ಗಡ್ಡೆಯ ಸುತ್ತಲಿನ ನಾಳಗಳು ಗಡ್ಡೆಯಿಂದಾಗಿ ಮೊದಲೇ ಹಿಗ್ಗಿ ನಿಂತಿದ್ದವು. ಇನ್ನಷ್ಟು ಹಿಗ್ಗುವ ಶಕ್ತಿ ಅವಕ್ಕಿರಲಿಲ್ಲ. ಆದ್ದರಿಂದ ಅಲ್ಲಿ ಏನು ನಡೆದರೂ ಯಂತ್ರಕ್ಕೆ ಕಾಣುತ್ತಿರಲಿಲ್ಲ.

ಅವನು ಶಸ್ತ್ರವೈದ್ಯರ ಬಳಿಗೆ ಓಡಿದ. ನಾನು ಎಳೆದ ಗೆರೆಯನ್ನು ನಂಬಬೇಡಿ ಎಂದ. ಹಾಗಾದರೆ ರೋಗಿಯನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತಲೇ ನೋಡೋಣ ಎಂದರು ಅವರು. ಮಿದುಳಿಗೆ ನೋವು ತಿಳಿಯುವುದಿಲ್ಲ. ಆದ್ದರಿಂದ ಹಾಗೆ ಮಾಡಲು ಬರುತ್ತದೆ.

ಶಸ್ತ್ರಚಿಕಿತ್ಸೆಯ ದಿನ ಅಕ್ಕಸಾಲಿಗ ಮೇಜಿನ ಮೇಲೆ ಮಲಗಿ, ಮೂಗುತಿಗೆ ಹರಳು ಕೂರಿಸುವುದು ಹೇಗೆಂದು ನರ್ಸಿಗೆ ವಿವರಿಸುತ್ತಿದ್ದ. ಶಸ್ತ್ರವೈದ್ಯರು ತೆರೆದ ಮಿದುಳಿನಲ್ಲಿ ಗೆರೆಯ ಒಳಗೆ ಒಂದು ಕಡೆ, ಸಣ್ಣ ವಿದ್ಯುತ್ ಹರಿಸಿ ಮುಟ್ಟಿದ ಜಾಗದ ಕೆಲಸವನ್ನು ಕ್ಷಣಕಾಲ ತಡೆಯುವ ಕಡ್ಡಿಯ ತುದಿಯನ್ನು ಮುಟ್ಟಿಸಿದರು.

“ಹರಳನ್ನು ಮೊದಲು…” ಎಂದವನ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ಕಣ್ಣುಗಳು ವೈದ್ಯನನ್ನು ನೋಡುತ್ತಿದ್ದವು.

ಕಡ್ಡಿಯನ್ನು ತೆಗೆದರು.

“…ಒರೆಸಬೇಕು,” ಎಂದ ಅಕ್ಕಸಾಲಿಗ.

ಶಸ್ತ್ರವೈದ್ಯರು ಆ ಜಾಗವನ್ನು ಬಿಟ್ಟು, ತೆಗೆಯಬಹುದಾದಷ್ಟು ಗಡ್ಡೆಯನ್ನು ತೆಗೆದರು. ಎರಡು ವಾರದ ಮೇಲೆ ಅಕ್ಕಸಾಲಿಗ ಆಟೋದವನೊಂದಿಗೆ ಚೌಕಾಸಿ ಮಾಡಿಕೊಂಡು ಮನೆಗೆ ಹೋದ.

ಇಷ್ಟು ಹೇಳಿ ಗುರುಗಳು ಶಿಷ್ಯನ ವರದಿಯನ್ನು ಕೈಗೆತ್ತಿಕೊಂಡರು. ಕತೆ ಮುಗಿಯಿತೆಂದು ಶಿಷ್ಯನಿಗೆ ಸಮಾಧಾನವಾಯಿತು. “ಆ ವೈದ್ಯ ಪುಣ್ಯವಂತ, ಗುರುಗಳೇ,” ಎಂದ. “ತಪ್ಪು ಸಮಯಕ್ಕೆ ಸರಿಯಾಗಿ ತಿಳಿಯಿತು.”

ಗುರುಗಳು ಹೇಳಿದರು: “ಅಕ್ಕಸಾಲಿಗನಿಗಿಂತ ಮೊದಲು ನಾನು ಇಪ್ಪತ್ತಮೂರು ಜನರ ಸ್ಕ್ಯಾನಿಗೆ ಗೆರೆ ಎಳೆದು ಕೊಟ್ಟಿದ್ದೆ, ಉಸಿರಾಡುತ್ತಿದ್ದಿರಾ ಎಂದು ಅವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.”